ಒಂದು ಗಂಟೆಯ ಪಾಠಕ್ಕೆ ಯಾರ ಜೇಬಿನಿಂದ ಎಷ್ಟು?

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರೊಬ್ಬರು 60 ವಿದ್ಯಾರ್ಥಿಗಳ ತರಗತಿಗೆ ಒಂದು ಗಂಟೆ ಪಾಠ ಮಾಡಿದರೆ, 2022ರ ಗೌರವಧನದ ಲೆಕ್ಕದಲ್ಲಿ ತಲೆಗೆ ಬೀಳುವ ಖರ್ಚು ಸುಮಾರು ₹8.90. ಅದೇ ಪಾಠವನ್ನು ವಿದ್ಯಾರ್ಥಿ ಮನೆಯಲ್ಲಿ ಕೂತು ಟ್ಯಾಬ್‌ನಲ್ಲಿ ನೇರಪ್ರಸಾರವಾಗಿ ನೋಡಿದರೆ, ಡೇಟಾ ಮತ್ತು ಟ್ಯಾಬ್ ಬೆಲೆ ಸೇರಿ ಗಂಟೆಗೆ ₹5.80ರಿಂದ ₹11.60ರವರೆಗೆ ಮೇಲೆ ಬೀಳುತ್ತದೆ. ಉಪನ್ಯಾಸಕರ ₹8.90 ಆಗಲೂ ಉಳಿದೇ ಇರುತ್ತದೆ. ಅಂದರೆ ಕಲಿಸುವವರಿಗೆ ಕೊಡುವುದರ ದೊಡ್ಡ ಪಾಲಿನಷ್ಟು ದುಡ್ಡು, ಒಮ್ಮೊಮ್ಮೆ ಕೊಡುವುದಕ್ಕಿಂತಲೂ ಹೆಚ್ಚು, ಅವರ ಮುಖ ಪರದೆಯ ಮೇಲೆ ಮೂಡಲು ಬೇಕಾಗುತ್ತದೆ.

ಆದರೂ ಆನ್‌ಲೈನ್ ಪಾಠ ಅಗ್ಗ ಎಂಬ ಮಾತು ಕಾಲೇಜು ಸಭೆಗಳಲ್ಲಿ ಸಲೀಸಾಗಿ ಬಂದುಹೋಗುತ್ತದೆ. ಖರ್ಚು ಕಾಲೇಜಿನ ಲೆಕ್ಕಪುಸ್ತಕದಿಂದ ಮನೆಯ ಲೆಕ್ಕಕ್ಕೆ ಜಾರಿದಾಗ ಹಾಗೆ ಕಾಣುವುದು ಸಹಜ. ಜಾರಿದ್ದನ್ನು ಹೆಕ್ಕಿ ಒಂದೇ ಪಟ್ಟಿಗೆ ತಂದರೆ ಯಾವ ಸಾಧನಕ್ಕೆ ಎಷ್ಟು ಬೆಲೆ, ಅದನ್ನು ಯಾರು ತೆರುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಈ ಲೆಕ್ಕಕ್ಕೆ ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳನ್ನೇ ತೆಗೆದುಕೊಂಡಿದೆ.

ಎಂಟು ತಿಂಗಳ ಪ್ರಯೋಗ

ಕೊರೊನಾದಿಂದಾಗಿ 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ಅದೇ ವರ್ಷದ ನವೆಂಬರ್ 17ಕ್ಕೆ. ನಡುವಿನ ಎಂಟು ತಿಂಗಳು ಪಾಠವೆಲ್ಲ ಜೂಮ್, ಗೂಗಲ್ ಮೀಟ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಎರಡನೇ ಅಲೆ ಬಂದಾಗ ಮತ್ತೆ ಬೀಗ ಬಿತ್ತು. 2021ರ ಜುಲೈ 26ಕ್ಕೆ ಮತ್ತೆ ತೆರೆಯಿತು.

ಆಗ ಮನೆಗಳ ಸ್ಥಿತಿ ಹೇಗಿತ್ತು? ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು (2017–18) ಹೇಳುವಂತೆ ದೇಶದ ಶೇ 23.8ರಷ್ಟು ಮನೆಗಳಿಗೆ ಮಾತ್ರ ಇಂಟರ್‌ನೆಟ್ ಇತ್ತು. ಗ್ರಾಮೀಣ ಭಾಗದಲ್ಲಿ ಶೇ 14.9. ಕಂಪ್ಯೂಟರ್ ಇದ್ದ ಮನೆಗಳು ಶೇ 10.7. ಕರ್ನಾಟಕದ ಹಳ್ಳಿಗಳಲ್ಲಿ ಇಂಟರ್‌ನೆಟ್ ಶೇ 8.3, ಕಂಪ್ಯೂಟರ್ ಶೇ 2. ನೂರು ಮನೆಯ ಊರಿನಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ನಾವು ಆನ್‌ಲೈನ್ ಸೆಮಿಸ್ಟರ್ ನಡೆಸಿದೆವು.

ಚಿತ್ರ ಬೇಗ ಬದಲಾಗಿದೆ. 2025ರ ಜನವರಿ–ಮಾರ್ಚ್‌ನಲ್ಲಿ ನಡೆದ ಕೇಂದ್ರದ ಸಮೀಕ್ಷೆಯ ಪ್ರಕಾರ ದೇಶದ ಶೇ 86.3ರಷ್ಟು ಮನೆಗಳಿಗೆ ಇಂಟರ್‌ನೆಟ್ ತಲುಪಿದೆ, ಶೇ 85.5ರಷ್ಟು ಮನೆಗಳಲ್ಲಿ ಕನಿಷ್ಠ ಒಂದು ಸ್ಮಾರ್ಟ್‌ಫೋನ್ ಇದೆ. ಇಲ್ಲಿ ಗಮನಿಸಬೇಕಾದ್ದು ‘ಕನಿಷ್ಠ ಒಂದು’ ಎಂಬ ಮಾತು. ಮನೆಗೊಂದು ಫೋನ್ ಇದ್ದು ಓದುವವರು ಇಬ್ಬರಿದ್ದರೆ, ಬೆಳಿಗ್ಗೆ ಹತ್ತರ ತರಗತಿಗೆ ಒಬ್ಬರು ಗೈರು. ಆ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿದ್ದರೆ ಇಬ್ಬರೂ ಗೈರು.

ಸರ್ಕಾರ ಕೊಂಡದ್ದು

ಸಾಧನಗಳ ಕೊರತೆ ತುಂಬಲು ರಾಜ್ಯ ಸರ್ಕಾರ ನಾಲ್ಕು ಬಗೆಯ ಖರೀದಿ ಮಾಡಿತು. ಪ್ರತಿಯೊಂದನ್ನೂ ತಲೆಗೆ ಅಥವಾ ಕೋಣೆಗೆ ಹಂಚಿ ನೋಡೋಣ.

ಲ್ಯಾಪ್‌ಟಾಪ್: 2020ರ ಆರಂಭದಲ್ಲಿ, ಕೊರೊನಾಕ್ಕೂ ಮೊದಲೇ, ಮೊದಲ ವರ್ಷದ ಸುಮಾರು 1.1 ಲಕ್ಷ ಪದವಿ ವಿದ್ಯಾರ್ಥಿಗಳಿಗೆ ಹಂಚಿಕೆ. ವೆಚ್ಚ ₹311 ಕೋಟಿ. ಒಂದಕ್ಕೆ ₹28 ಸಾವಿರದ ಆಸುಪಾಸು.

ಟ್ಯಾಬ್: 2021ರ ಜೂನ್‌ನಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ 1,55,396 ವಿದ್ಯಾರ್ಥಿಗಳಿಗೆ. ವೆಚ್ಚ ₹163 ಕೋಟಿ. ಒಂದಕ್ಕೆ ಸುಮಾರು ₹10,490.

ಕಲಿಕಾ ನಿರ್ವಹಣಾ ವ್ಯವಸ್ಥೆ: ಎಲ್ಲರ ಬಾಯಲ್ಲೂ ಇದು ‘ಎಲ್‌ಎಂಎಸ್’. 430 ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಎಂಜಿನಿಯರಿಂಗ್ ಕಾಲೇಜುಗಳ 24 ಸಾವಿರ ಬೋಧಕರು ಮತ್ತು 4.5 ಲಕ್ಷ ವಿದ್ಯಾರ್ಥಿಗಳಿಗಾಗಿ ₹34.14 ಕೋಟಿಯ ಯೋಜನೆ. ವಿದ್ಯಾರ್ಥಿಗೆ ಸುಮಾರು ₹759.

ಸ್ಮಾರ್ಟ್ ತರಗತಿ: ಮೊದಲ ಹಂತದ 2,500 ಕೋಣೆಗಳಿಗೆ ₹27.77 ಕೋಟಿ. ಕೋಣೆಗೆ ಸುಮಾರು ₹1.11 ಲಕ್ಷ.

ಸಾಮಾನ್ಯವಾಗಿ ಪತ್ರಿಕೆಗಳಲ್ಲಿ ಇಷ್ಟೇ ಬರುತ್ತದೆ, ಕೋಟಿಗಳ ಸಾಲು. ಇವುಗಳಲ್ಲಿ ಯಾವುದು ಲಾಭದ್ದು ಎಂದು ತಿಳಿಯಲು ಬಳಕೆಯ ಗಂಟೆಗಳಿಂದ ಭಾಗಿಸಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ವರ್ಷಕ್ಕೆ ಕನಿಷ್ಠ 180 ಬೋಧನಾ ದಿನ. ದಿನಕ್ಕೆ 5 ಗಂಟೆ ಪಾಠ, ಮೂರು ವರ್ಷದ ಪದವಿ ಎಂದಿಟ್ಟುಕೊಂಡರೆ ಒಟ್ಟು 2,700 ಗಂಟೆ. ಪೂರ್ತಿ ಆನ್‌ಲೈನ್ ಆದರೆ ಟ್ಯಾಬ್‌ನ ಪಾಲು ಗಂಟೆಗೆ ₹3.90. ಆದರೆ 2021ರಲ್ಲಿ ಯುಜಿಸಿ ಮುಂದಿಟ್ಟ ಮಿಶ್ರ ಬೋಧನೆಯ ಮಾದರಿಯಲ್ಲಿ ಆನ್‌ಲೈನ್ ಪಾಲು ಹೆಚ್ಚೆಂದರೆ ಶೇ 40. ಆಗ ಉಳಿಯುವುದು 1,080 ಗಂಟೆ. ಟ್ಯಾಬ್‌ನ ಪಾಲು ಗಂಟೆಗೆ ₹9.70ಕ್ಕೆ ಏರುತ್ತದೆ. ಸಾಧನವನ್ನು ಕಡಿಮೆ ಬಳಸಿದಷ್ಟೂ ಅದು ದುಬಾರಿಯಾಗುತ್ತದೆ.

ಸ್ಮಾರ್ಟ್ ತರಗತಿಯ ಲೆಕ್ಕ ಬೇರೆ. ₹1.11 ಲಕ್ಷದ ಕೋಣೆಯಲ್ಲಿ 60 ಮಂದಿ ಅದೇ 2,700 ಗಂಟೆ ಕೂತರೆ 1,62,000 ವಿದ್ಯಾರ್ಥಿ-ಗಂಟೆಗಳಾದವು. ತಲೆಗೆ, ಗಂಟೆಗೆ 69 ಪೈಸೆ. ಮಿಶ್ರ ಬೋಧನೆಯಲ್ಲಿ ಬಳಕೆಯಾಗುವ ಟ್ಯಾಬ್‌ಗೆ ಹೋಲಿಸಿದರೆ ಹದಿನಾಲ್ಕು ಪಟ್ಟು ಅಗ್ಗ. ಒಂದು ಕೋಣೆಯ ಪ್ರೊಜೆಕ್ಟರ್, ಪರದೆ, ಸಂಪರ್ಕಕ್ಕೆ ಆಗುವ ದುಡ್ಡಿಗೆ ಹತ್ತು ಟ್ಯಾಬ್ ಬರುತ್ತವೆ. ಆ ಹತ್ತರಿಂದ ಹತ್ತೇ ಮಂದಿ ಓದುತ್ತಾರೆ.

ಈ ಲೆಕ್ಕಕ್ಕೊಂದು ಮಿತಿಯೂ ಇದೆ. ಟ್ಯಾಬ್ ಕೈಗೆ ಬಂದ ವಿದ್ಯಾರ್ಥಿ ಅದರಲ್ಲಿ ಅರ್ಜಿ ತುಂಬುತ್ತಾನೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾನೆ. ಆ ಲಾಭವನ್ನು ಪಾಠದ ಗಂಟೆಯಲ್ಲಿ ಅಳೆಯಲಾಗದು. ಮನೆಯಲ್ಲಿ ಆಗಲೇ ಒಳ್ಳೆಯ ಫೋನ್ ಇದ್ದವರಿಗೆ ಸಾಧನದ ಖರ್ಚು ಹೊಸದೂ ಅಲ್ಲ. ಆದರೆ ಪಾಠಕ್ಕೆಂದೇ ಕೊಂಡಾಗ ಪಾಠದ ಲೆಕ್ಕದಲ್ಲೇ ಕೇಳಬೇಕಾಗುತ್ತದೆ.

ಒಂದು ಗಂಟೆಗೆ ಎಷ್ಟು ಡೇಟಾ?

ಜೂಮ್ ಕಂಪನಿಯೇ ಹೇಳುವ ಪ್ರಮಾಣ ಹೀಗಿದೆ. ಗುಂಪು ಕರೆಯಲ್ಲಿ ಸಾಧಾರಣವಾಗಿ ಚೆನ್ನಾದ ವಿಡಿಯೊ ಇಳಿಸಿಕೊಳ್ಳಲು ಸೆಕೆಂಡಿಗೆ 600 ಕಿಲೊಬಿಟ್; 720 ಪಿಕ್ಸೆಲ್‌ನ ಸ್ಪಷ್ಟ ಚಿತ್ರಕ್ಕೆ 1.8 ಮೆಗಾಬಿಟ್, ಬರೀ ಧ್ವನಿಗೆ 60ರಿಂದ 80 ಕಿಲೊಬಿಟ್, ಸ್ಲೈಡ್ ಹಂಚಿಕೆಗೆ 50ರಿಂದ 75 ಕಿಲೊಬಿಟ್. ಇದನ್ನು 3,600 ಸೆಕೆಂಡಿನಿಂದ ಗುಣಿಸಿ, ಬಿಟ್‌ನಿಂದ ಬೈಟ್‌ಗೆ ಇಳಿಸಲು 8ರಿಂದ ಭಾಗಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ:

- ಸ್ಪಷ್ಟ ವಿಡಿಯೊ: 810 ಎಂಬಿ. ಐದು ಗಂಟೆಗೆ 4.05 ಜಿಬಿ.
- ಸಾಧಾರಣ ವಿಡಿಯೊ: 270 ಎಂಬಿ. ಐದು ಗಂಟೆಗೆ 1.35 ಜಿಬಿ.
- ಸ್ಲೈಡ್ ಮತ್ತು ಧ್ವನಿ: ಹೆಚ್ಚೆಂದರೆ 70 ಎಂಬಿ. ಐದು ಗಂಟೆಗೆ 350 ಎಂಬಿ.
- ಧ್ವನಿ ಮಾತ್ರ: ಹೆಚ್ಚೆಂದರೆ 36 ಎಂಬಿ. ಐದು ಗಂಟೆಗೆ 180 ಎಂಬಿ.

ವಿದ್ಯಾರ್ಥಿಗಳು ಹೆಚ್ಚಾಗಿ ಹಾಕಿಸುವುದು ದಿನಕ್ಕೆ 1.5 ಜಿಬಿಯ ಪ್ಯಾಕ್. ಸಾಧಾರಣ ವಿಡಿಯೊದಲ್ಲಿ ಐದು ಗಂಟೆ ಪಾಠ ಕೇಳಿದರೆ ರಾತ್ರಿ ಹನ್ನೆರಡರವರೆಗೆ ಉಳಿಯುವುದು 150 ಎಂಬಿ. ಅಷ್ಟರಲ್ಲೇ ನೋಟ್ಸ್, ಅಸೈನ್‌ಮೆಂಟ್ ಎಲ್ಲ. ಅದೇ ಹಾಟ್‌ಸ್ಪಾಟ್‌ನಿಂದ ತಂಗಿಯೂ ಕೇಳಬೇಕೆಂದರೆ ದಿನಕ್ಕೆ 2.7 ಜಿಬಿ ಬೇಕು, ಪ್ಯಾಕ್ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಉಪನ್ಯಾಸಕರು ಕ್ಯಾಮೆರಾ ಆರಿಸಿ ಸ್ಲೈಡ್ ಮತ್ತು ಧ್ವನಿಯಲ್ಲೇ ಪಾಠ ಮಾಡಿದರೆ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ. ಇಬ್ಬರಲ್ಲ, ನಾಲ್ವರು ಒಂದೇ ಪ್ಯಾಕ್‌ನಲ್ಲಿ ಕೇಳಬಹುದು.

ಇನ್ನೊಂದು ಅಂಕಿ. 60 ಮಂದಿ ತಂತಮ್ಮ ಮನೆಯಲ್ಲಿ ಒಂದು ಗಂಟೆಯ ವಿಡಿಯೊ ಪಾಠ ನೋಡಿದರೆ ಒಟ್ಟು 16.2 ಜಿಬಿ. ಅದೇ 60 ಮಂದಿ ಒಂದು ಕೋಣೆಯಲ್ಲಿ ಕೂತು ದೂರದ ತಜ್ಞರ ಪಾಠವನ್ನು ಪರದೆಯ ಮೇಲೆ ನೋಡಿದರೆ 270 ಎಂಬಿ ಸಾಕು, ಅದೂ ಕಾಲೇಜಿನ ಸಂಪರ್ಕದಿಂದ.

ರೀಚಾರ್ಜ್ ಮತ್ತು ಬಸ್ ಪಾಸ್

ದಿನಕ್ಕೆ 1.5 ಜಿಬಿ, 28 ದಿನ ಅವಧಿಯ ಜಿಯೋ ಪ್ಯಾಕ್‌ಗೆ 2019ರ ಡಿಸೆಂಬರ್‌ನಲ್ಲಿ ₹199 ಇತ್ತು. 2021ರ ಡಿಸೆಂಬರ್‌ನಲ್ಲಿ ₹239, 2024ರ ಜುಲೈನಲ್ಲಿ ₹299. ಐದು ವರ್ಷದೊಳಗೆ ಶೇ 50ರ ಏರಿಕೆ. 2020ರ ಎಂಟು ತಿಂಗಳ ಬಂದ್‌ಗೆ ಒಂಬತ್ತು ರೀಚಾರ್ಜ್ ಬೇಕಿತ್ತು, ₹1,791. 2024ರ ₹299ಕ್ಕೆ 42 ಜಿಬಿ ಎಂದರೆ ಜಿಬಿಗೆ ₹7.10, ಒಂದು ಗಂಟೆಯ ಸಾಧಾರಣ ವಿಡಿಯೊ ಪಾಠಕ್ಕೆ ₹1.90. ಆದರೆ ಇದು ಎಲ್ಲ ಡೇಟಾ ಬಳಸಿದರೆ ಬರುವ ದರ. ದಿನದ ಕೋಟಾ ಮಧ್ಯರಾತ್ರಿಗೆ ಸತ್ತುಹೋಗುತ್ತದೆ. ಭಾನುವಾರ ಉಳಿದದ್ದು ಸೋಮವಾರದ ಪಾಠಕ್ಕೆ ಸಿಗದು.

ಆನ್‌ಲೈನ್ ಪರವಾದ ದೊಡ್ಡ ವಾದವೆಂದರೆ ಓಡಾಟದ ಖರ್ಚು ಉಳಿಯುತ್ತದೆ ಎಂಬುದು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ ಖಾಸಗಿ ಕಾಲೇಜಿಗೆ ಹೋಗುವವರ ಮಟ್ಟಿಗೆ ಇದು ನಿಜ. ಸರ್ಕಾರಿ ಕಾಲೇಜಿನ ಲೆಕ್ಕ ತಿರುವುಮುರುವು. ಕೆಎಸ್‌ಆರ್‌ಟಿಸಿಯ ಹತ್ತು ತಿಂಗಳ ಕಾಲೇಜು ಪಾಸ್ ದರ ₹1,050ರ ಆಸುಪಾಸು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ₹150. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ವಿದ್ಯಾರ್ಥಿನಿಯರಿಗೆ ಸೊನ್ನೆ. ಅದೇ ಹತ್ತು ತಿಂಗಳಿಗೆ 28 ದಿನದ ಲೆಕ್ಕದಲ್ಲಿ 11 ರೀಚಾರ್ಜ್: ₹3,289. ಸಾಮಾನ್ಯ ವರ್ಗದ ಹುಡುಗನಿಗೆ ರೀಚಾರ್ಜ್ ಬಸ್ಸಿಗಿಂತ ಮೂರು ಪಟ್ಟು, ಪರಿಶಿಷ್ಟ ವರ್ಗದ ಹುಡುಗನಿಗೆ ಸುಮಾರು 22 ಪಟ್ಟು. ಹುಡುಗಿಯರ ವಿಷಯದಲ್ಲಿ ಪಟ್ಟು ಹಾಕಲೂ ಬಾರದು, ಸೊನ್ನೆಯಿಂದ ಭಾಗಿಸಲಾಗದು.

ಓಡಾಟಕ್ಕೆ ಹೋಗುವ ಹೊತ್ತು ಈ ಲೆಕ್ಕದಲ್ಲಿಲ್ಲ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ನಿಂತು ಬರುವವರಿಗೆ ಮನೆಯ ಪಾಠ ದೊಡ್ಡ ಬಿಡುಗಡೆ. ಹಾಗೆಯೇ, ಫೋನಿಗೆ ಹೇಗೂ ರೀಚಾರ್ಜ್ ಮಾಡಿಸುವವರು ಅದನ್ನು ಪಾಠದ ತಲೆಗೆ ಪೂರ್ತಿ ಕಟ್ಟಬೇಕಿಲ್ಲ. ಆದರೂ ‘ಮನೆಯಲ್ಲೇ ಕೂತರೆ ದುಡ್ಡು ಉಳಿತಾಯ’ ಎಂಬ ಮಾತನ್ನು ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಹೇಳುವ ಮುನ್ನ ಪಾಸ್ ದರ ಒಮ್ಮೆ ನೋಡಬೇಕು.

ಬಿಲ್ ಆಗದ ಗಂಟೆಗಳು

ರಾಜ್ಯದ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2022ರ ಹೊತ್ತಿಗೆ ಅವರ ಸಂಖ್ಯೆ 14 ಸಾವಿರ ದಾಟಿತ್ತು. ಆ ವರ್ಷದ ಜನವರಿಯವರೆಗೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ ₹13 ಸಾವಿರ, ಇಲ್ಲದವರಿಗೆ ₹11 ಸಾವಿರ ಸಿಗುತ್ತಿತ್ತು. ಪರಿಷ್ಕರಣೆಯ ಬಳಿಕ ಅದು ಅರ್ಹತೆ, ಸೇವಾವಧಿ ನೋಡಿ ₹26 ಸಾವಿರದಿಂದ ₹32 ಸಾವಿರದವರೆಗೆ ಏರಿತು, ಜೊತೆಗೆ ವಾರದ ಕಾರ್ಯಭಾರ 15 ಗಂಟೆಯಾಯಿತು. ಮುಂದೆ ಮೊತ್ತ ಇನ್ನಷ್ಟು ಹೆಚ್ಚಿತು. 2022ರ ಗರಿಷ್ಠ ದರವನ್ನೇ ಹಿಡಿದರೆ ತಿಂಗಳ 60 ಗಂಟೆಗೆ ₹32 ಸಾವಿರ, ಅಂದರೆ ಗಂಟೆಗೆ ₹533. 60 ವಿದ್ಯಾರ್ಥಿಗಳಿಗೆ ಹಂಚಿದರೆ ಆರಂಭದಲ್ಲಿ ಹೇಳಿದ ₹8.90.

ಈ 15 ಗಂಟೆ ಕಾರ್ಯಭಾರ ಅಳೆಯುವುದು ತರಗತಿಯ ಹೊತ್ತನ್ನು. ಆನ್‌ಲೈನ್ ಕೆಲಸ ಹೆಚ್ಚಾಗಿ ನಡೆಯುವುದು ತರಗತಿಯ ಆಚೆ. ಉಪನ್ಯಾಸಕರೊಬ್ಬರಿಗೆ 60 ಮಂದಿಯ ನಾಲ್ಕು ತರಗತಿ ಇವೆ ಎನ್ನಿ, ಒಟ್ಟು 240 ವಿದ್ಯಾರ್ಥಿಗಳು. ಪ್ರತಿಯೊಬ್ಬರೂ ಒಂದು ಅಸೈನ್‌ಮೆಂಟ್‌ನ ಫೋಟೊ ತೆಗೆದು ಕಳಿಸಿದರೆ, ತಲಾ ಐದು ನಿಮಿಷದಂತೆ ಓದಿ ಅಂಕ ಹಾಕಲು 20 ಗಂಟೆ ಬೇಕು. ಒಂದು ಅಸೈನ್‌ಮೆಂಟ್ ಇಡೀ ವಾರದ ಕಾರ್ಯಭಾರವನ್ನೂ ಮೀರಿತು. ವಾರಾಂತ್ಯ ಹೋಯಿತು, ಕಣ್ಣೂ ಹೋಯಿತು, ಬಿಲ್ಲಿನಲ್ಲಿ ಒಂದು ರೂಪಾಯಿಯೂ ಸೇರಲಿಲ್ಲ.

ಒಳ್ಳೆಯ ಸಾಧನ ನಿಜವಾಗಿ ಉಪಕಾರಕ್ಕೆ ಬರುವುದೂ ಇಲ್ಲೇ. ಅದೇ ಘಟಕಕ್ಕೆ ಮೂಡಲ್ ಎಂಬ ಎಲ್‌ಎಂಎಸ್‌ನಲ್ಲಿ ಇಪ್ಪತ್ತು ಪ್ರಶ್ನೆಗಳ ಕ್ವಿಜ್ ಕಟ್ಟಲು ಮೂರು ಗಂಟೆ ಹಿಡಿದರೂ, 240 ಉತ್ತರಗಳನ್ನು ಯಂತ್ರವೇ ತಿದ್ದುತ್ತದೆ. ಮುಂದಿನ ವರ್ಷ ಕಟ್ಟುವ ಕೆಲಸವೂ ಇಲ್ಲ. ವಿವರಣಾತ್ಮಕ ಉತ್ತರಕ್ಕೆ ಇದು ಬದಲಿಯಾಗದು. ಆದರೆ ತಿಂಗಳಿಗೆ ಎರಡು ಕ್ವಿಜ್, ಒಂದು ಬರವಣಿಗೆ ಎಂದು ಹಂಚಿಕೊಂಡರೆ ತಿದ್ದುವ ಗಂಟೆಗಳು ಮೂರನೇ ಒಂದಕ್ಕೆ ಇಳಿಯುತ್ತವೆ.

ಪುಕ್ಕಟೆ ತಂತ್ರಾಂಶದ ಬೆಲೆ

ಜೂಮ್‌ನ ಉಚಿತ ಖಾತೆಯಲ್ಲಿ ಸಭೆಗೆ 40 ನಿಮಿಷ, 100 ಮಂದಿ. ಕಾಲೇಜಿನ ಪೀರಿಯಡ್ ಒಂದು ಗಂಟೆ. ನಡುವೆ ಕಡಿದು ಮತ್ತೆ ಸೇರುವಾಗ ಹಾಜರಾತಿ ಅರ್ಧಕ್ಕೆ ಇಳಿದದ್ದನ್ನು ಕಾಣದ ಮೇಷ್ಟ್ರಿಲ್ಲ. ಗೂಗಲ್ 2020ರಲ್ಲಿ ಮೀಟ್ ಅನ್ನು ಎಲ್ಲರಿಗೂ ತೆರೆಯಿತು, ಆಮೇಲೆ ಉಚಿತ ಗುಂಪು ಕರೆಗೆ 60 ನಿಮಿಷದ ಮಿತಿ ಹಾಕಿತು. ಕಾಲೇಜುಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಸಂಗ್ರಹವನ್ನು 2022ರ ಜುಲೈಯಿಂದ ಸಂಸ್ಥೆಗೆ ಒಟ್ಟು 100 ಟೆರಾಬೈಟ್‌ಗೆ ಇಳಿಸಿತು. ಗೂಗಲ್‌ನದೇ ಅಂದಾಜಿನಲ್ಲಿ ಅದು 4 ಲಕ್ಷ ಗಂಟೆ ವಿಡಿಯೊಗೆ ಸಾಕು.

ಒಂಟಿ ಕಾಲೇಜಿಗೆ ಇದು ಧಾರಾಳ. 40 ಬೋಧಕರು ವಾರಕ್ಕೆ 15 ಗಂಟೆಯಂತೆ 30 ವಾರದ ಪಾಠವನ್ನೆಲ್ಲ ದಾಖಲಿಸಿದರೂ ವರ್ಷಕ್ಕೆ 18 ಸಾವಿರ ಗಂಟೆ. ಜಾಗ ತುಂಬಲು 22 ವರ್ಷ ಬೇಕು. ಅಂಥ 200 ಕಾಲೇಜುಗಳು ಒಂದೇ ವಿಶ್ವವಿದ್ಯಾಲಯದ ಖಾತೆಯಡಿ ಬಂದರೆ ಅದೇ ಜಾಗ ನಾಲ್ಕು ಬೋಧನಾ ವಾರ ಮುಗಿಯುವ ಮೊದಲೇ ಭರ್ತಿ.

ಮೂಡಲ್ 2002ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಸ್ ಕಟ್ಟಿ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ; ಪರವಾನಗಿ ಶುಲ್ಕವಿಲ್ಲ. ಅದರೊಡನೆ ಹೊಂದುವ ಬಿಗ್‌ಬ್ಲೂಬಟನ್ ಎಂಬ ವರ್ಚುವಲ್ ತರಗತಿಯೂ ಮುಕ್ತ. ಆದರೆ ಅದರ ತಯಾರಕರು ಕೇಳುವುದು 8 ಕೋರ್‌ನ ಪ್ರೊಸೆಸರ್, 16 ಜಿಬಿ ಮೆಮೊರಿ, ಎರಡೂ ದಿಕ್ಕಿಗೆ 250 ಎಂಬಿಪಿಎಸ್ ಸಂಪರ್ಕ. ಅಷ್ಟಿದ್ದರೆ ಏಕಕಾಲಕ್ಕೆ ಸುಮಾರು 200 ಮಂದಿ. 600 ವಿದ್ಯಾರ್ಥಿಗಳ ಕಾಲೇಜು ಒಂದೇ ಹೊತ್ತಿಗೆ ನೇರ ಪಾಠ ಕೇಳಬೇಕೆಂದರೆ ಅಂಥ ಮೂರು ಸರ್ವರ್, ನೋಡಿಕೊಳ್ಳಲು ಒಬ್ಬ ನುರಿತ ಕೈ. ಹಸು ದಾನ ಸಿಕ್ಕಿತು, ಮೇವಿನ ಖರ್ಚು ನಮ್ಮದೇ.

ನೋಡಿದವರೆಷ್ಟು, ಮುಗಿಸಿದವರೆಷ್ಟು

ಖರ್ಚಿನ ಇನ್ನೊಂದು ಬದಿ ಫಲ. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಆನ್‌ಲೈನ್ ಕೋರ್ಸ್‌ಗಳಿಗೆ 2012ರಿಂದ 2018ರವರೆಗೆ ಸೇರಿದ 56 ಲಕ್ಷ ಮಂದಿಯ ದಾಖಲೆ ಪರಿಶೀಲಿಸಿದ ಅಧ್ಯಯನ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2017–18ರಲ್ಲಿ ಕೋರ್ಸ್ ಮುಗಿಸಿದವರು ಶೇ 3.13. ಪ್ರಮಾಣಪತ್ರಕ್ಕೆ ಹಣ ಕಟ್ಟಿದವರಲ್ಲಿ ಮಾತ್ರ ಶೇ 46. ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ನೋಡಿದ 2014ರ ಇನ್ನೊಂದು ಅಧ್ಯಯನದ ಪ್ರಕಾರ ವಿಡಿಯೊ ಎಷ್ಟೇ ಉದ್ದವಿರಲಿ, ವೀಕ್ಷಣೆಯ ಮಧ್ಯಾಂಕ ಅವಧಿ ಆರು ನಿಮಿಷ ದಾಟಲಿಲ್ಲ.

ನಮ್ಮಲ್ಲಿ ಎನ್‌ಪಿಟಿಇಎಲ್ ಹಿಡಿದ ದಾರಿ ಇದಕ್ಕೆ ಒಂದು ಮದ್ದು. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಯೋಜನೆಯಿದು. ಈಗ ಅದರ ಕೋರ್ಸ್‌ಗಳು 2017ರ ಜುಲೈನಲ್ಲಿ ಶುರುವಾದ ಸ್ವಯಂ ವೇದಿಕೆಯಲ್ಲಿವೆ. ಪಾಠ ಕೇಳಲು ಶುಲ್ಕವಿಲ್ಲ. ಅಂಕದಲ್ಲಿ ಶೇ 25 ವಾರದ ಅಸೈನ್‌ಮೆಂಟ್‌ಗೆ, ಶೇ 75 ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ. ಪರೀಕ್ಷಾ ಶುಲ್ಕ ₹1,000. ಪರಿಶಿಷ್ಟರಿಗೆ, ಅಂಗವಿಕಲರಿಗೆ ಅರ್ಧ. ಯುಜಿಸಿ 2016ರಲ್ಲಿ ಸೆಮಿಸ್ಟರಿನ ಶೇ 20ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕ ಮಾಡಲು ಬಿಟ್ಟಿತ್ತು, 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಸೆಮಿಸ್ಟರಿಗೆ ಮೂರು ಕೋರ್ಸ್ ತೆಗೆದುಕೊಂಡರೆ ₹3,000, ಆರು ಸೆಮಿಸ್ಟರಿಗೆ ₹18,000. ಅಷ್ಟೂ ಮನೆಯ ಜೇಬಿನಿಂದ.

ಡೇಟಾ ಬೇಡದ ದಾರಿಯೂ ಇದೆ. ಸ್ವಯಂ ಪ್ರಭಾ ಡಿಟಿಎಚ್ ವಾಹಿನಿಗಳು 32ರಿಂದ ಆರಂಭವಾಗಿ ಬೆಳೆದಿವೆ. ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠ, ಅದರ ಐದು ಮರುಪ್ರಸಾರ. ತೊಡಕು ಭಾಷೆಯದು: ಪದವಿ ಮಟ್ಟದ ಪಾಠ ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿದೆ. ಕನ್ನಡ ಮಾಧ್ಯಮದ ಬಿಎ ವಿದ್ಯಾರ್ಥಿಗೆ ಅದನ್ನು ನಿಲ್ಲಿಸಿ, ಬಿಡಿಸಿ ಹೇಳುವ ಉಪನ್ಯಾಸಕರು ಪಕ್ಕದಲ್ಲಿ ಬೇಕು.

600 ವಿದ್ಯಾರ್ಥಿಗಳ ಕಾಲೇಜಿಗೆ ಒಂದು ಅಂದಾಜು

ಮೇಲಿನ ಸರ್ಕಾರಿ ದರಗಳಲ್ಲೇ ಹತ್ತು ಕೋಣೆ, 600 ವಿದ್ಯಾರ್ಥಿಗಳ ಕಾಲೇಜಿನ ಪಟ್ಟಿ ಬರೆಯೋಣ. ಎಲ್ಲರಿಗೂ ಟ್ಯಾಬ್ ಕೊಟ್ಟರೆ ₹62.9 ಲಕ್ಷ, ರೀಚಾರ್ಜ್ ಬೇರೆ.

ಇನ್ನೊಂದು ಹಂಚಿಕೆ ಹೀಗೆ. ಹತ್ತೂ ಕೋಣೆಗೆ ಸ್ಮಾರ್ಟ್ ಸೌಲಭ್ಯ: ₹11.1 ಲಕ್ಷ. ಫೋನ್ ಇಲ್ಲದವರಿಗೆ ಗ್ರಂಥಾಲಯದಿಂದ ಎರವಲು ಕೊಡಲು 60 ಟ್ಯಾಬ್: ₹6.3 ಲಕ್ಷ. ಎಲ್‌ಎಂಎಸ್: ₹4.55 ಲಕ್ಷ. ಒಟ್ಟು ಸುಮಾರು ₹22 ಲಕ್ಷ, ವಿದ್ಯಾರ್ಥಿಗೆ ₹3,660. ಮೊದಲ ಪಟ್ಟಿಯ ಮೂರನೇ ಒಂದಕ್ಕೆ ತುಸು ಹೆಚ್ಚು. ನೇರ ವಿಡಿಯೊ ಕಾಲೇಜಿನ ಪರದೆಯ ಮೇಲೆ, ಉಪನ್ಯಾಸಕರ ಎದುರಿಗೇ ನಡೆಯುತ್ತದೆ. ಮನೆಗೆ ಹೋಗುವುದು ಸ್ಲೈಡ್, ಆರು ನಿಮಿಷದ ತುಣುಕು, ಕ್ವಿಜ್‌ನಂಥ ಹಗುರ ಸಾಮಗ್ರಿ. ವಿದ್ಯಾರ್ಥಿಯ ದಿನದ ಡೇಟಾ 1.35 ಜಿಬಿಯಿಂದ ಕೆಲವು ನೂರು ಎಂಬಿಗೆ ಇಳಿಯುತ್ತದೆ.

ಉಳಿದ ₹40 ಲಕ್ಷದಲ್ಲಿ, 2022ರ ಗರಿಷ್ಠ ದರದಲ್ಲಿ, 7,500 ಬೋಧನಾ ಗಂಟೆ ಕೊಳ್ಳಬಹುದು. ಹತ್ತು ತಿಂಗಳ ಶೈಕ್ಷಣಿಕ ವರ್ಷ, ತಿಂಗಳಿಗೆ 60 ಗಂಟೆ ಎಂದರೆ ನಾಲ್ವರು ಉಪನ್ಯಾಸಕರಿಗೆ ಮೂರು ವರ್ಷದ ಗೌರವಧನ ಕೊಟ್ಟೂ ದುಡ್ಡು ಮಿಗುತ್ತದೆ. ತಿದ್ದುವುದು, ಸಂಶಯ ಬಿಡಿಸುವುದು, ಎನ್‌ಪಿಟಿಇಎಲ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಕಾರ್ಯಭಾರದ ಪಟ್ಟಿಗೆ ಸೇರಿದರೆ ಈ ನಾಲ್ವರಿಗೆ ಕೆಲಸದ ಕೊರತೆಯಿಲ್ಲ. ಮುಂದಿನ ಟೆಂಡರ್ ಕರೆಯುವ ಮುನ್ನ ಕಾಲೇಜು ಅಭಿವೃದ್ಧಿ ಸಮಿತಿ ಪ್ರತಿ ಸಾಧನದ ಎದುರು ಎರಡು ಕಾಲಂ ಹಾಕಿಕೊಂಡರೆ ಸಾಕು: ವಿದ್ಯಾರ್ಥಿ-ಗಂಟೆಗೆ ಎಷ್ಟು, ಅದರಲ್ಲಿ ಮನೆಯ ಪಾಲೆಷ್ಟು.